ಹಲಸಿನ ಮೈ, ಸಾಗುವಾನಿಯ ಕತ್ತು: ಕಾಸರಗೋಡಿನ ಹವೆಗೆ ಒಗ್ಗುವ ಎಲೆಕ್ಟ್ರಿಕ್ ಗಿಟಾರ್

ಎಲೆಕ್ಟ್ರಿಕ್ ಗಿಟಾರ್ ಕಟ್ಟಲು ಹೊರಟವರೆಲ್ಲ ಮೊದಲು ಕೇಳುವ ಪ್ರಶ್ನೆ, ಯಾವ ಮರ? ನಮ್ಮ ಊರಿನ ಮಟ್ಟಿಗೆ ಅದಕ್ಕಿಂತ ಮುಂಚೆ ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ: ಆ ಮರ ಎಷ್ಟು ಒಣಗಿದೆ? ಮಳೆಗಾಲದ ನಾಲ್ಕು ತಿಂಗಳು ಇಲ್ಲಿಯ ಗಾಳಿಯೇ ಒದ್ದೆ. ಶೇ. 85ರಷ್ಟು ಆರ್ದ್ರತೆ ಇರುವ ಗಾಳಿಯಲ್ಲಿ ಬಿಟ್ಟ ಮರ, ತನ್ನ ಒಣ ತೂಕದ ಶೇ. 17-18ರಷ್ಟು ನೀರು ಹಿಡಿದುಕೊಳ್ಳುತ್ತದೆ. ಅದೇ ಮರವನ್ನು ಶೇ. 50 ಆರ್ದ್ರತೆಯ ಎ.ಸಿ. ಕೋಣೆಯಲ್ಲಿ ಇಟ್ಟರೆ ಶೇ. 9ಕ್ಕೆ ಇಳಿಯುತ್ತದೆ. ಮರ ಉದ್ದಕ್ಕೆ ಹಿಗ್ಗುವುದು ಕುಗ್ಗುವುದು ಲೆಕ್ಕಕ್ಕಿಲ್ಲದಷ್ಟು ಕಡಿಮೆ. ಅಡ್ಡಕ್ಕೆ ಮಾತ್ರ ಚೆನ್ನಾಗಿ ಹಿಗ್ಗುತ್ತದೆ, ಚೆನ್ನಾಗಿ ಕುಗ್ಗುತ್ತದೆ. ಜುಲೈಯಲ್ಲಿ ಹಸಿಹಸಿಯಾಗಿ ಕಟ್ಟಿದ ಗಿಟಾರಿನ ಕತ್ತನ್ನು ಫೆಬ್ರವರಿಯಲ್ಲಿ ಸವರಿ ನೋಡಿ. ಕತ್ತಿನ ಮೇಲೆ ಅಡ್ಡಕ್ಕೆ ಬಡಿದ ಫ್ರೆಟ್‌ನ ತಂತಿ ಲೋಹ, ಅದು ಕುಗ್ಗುವುದಿಲ್ಲ. ಮರ ಕುಗ್ಗಿ ಒಳಗೆ ಸರಿದಿರುತ್ತದೆ. ಫ್ರೆಟ್‌ನ ತುದಿಗಳು ಗರಗಸದ ಹಲ್ಲಿನ ಹಾಗೆ ಅಂಗೈಗೆ ಚುಚ್ಚುತ್ತವೆ.

ಆದ್ದರಿಂದ ಮರ ಹುಡುಕುವ ಕೆಲಸ ಮಿಲ್ಲಿನಿಂದ ಶುರುವಾಗಬೇಕೆಂದಿಲ್ಲ. ಹಳೆಯ ಮನೆ ಕೆಡವುವ ಕಡೆ ಶುರುವಾದರೆ ಒಳ್ಳೆಯದು. ಐವತ್ತು ಅರುವತ್ತು ವರ್ಷ ಮಾಡಿನ ಅಡಿಯಲ್ಲಿದ್ದ ಹಲಸಿನ ತೊಲೆ, ಮುಚ್ಚಿಗೆಯ ಹಲಗೆ, ಸಾಗುವಾನಿಯ ಬಾಗಿಲ ದಾರಂದ, ಇವು ಎಷ್ಟೋ ಮಳೆಗಾಲ ಬೇಸಗೆ ಕಂಡು ಪಳಗಿದ ಮರಗಳು. ತಿರುಚುವುದಿದ್ದರೆ ಯಾವತ್ತೋ ತಿರುಚಿಯಾಗಿರುತ್ತದೆ. ಒಂದೇ ಎಚ್ಚರ, ಒಳಗೆ ಮುರಿದು ಉಳಿದ ಮೊಳೆ. ಪ್ಲೇನರ್‌ಗೆ ಕೊಡುವ ಮೊದಲು ಬಲವಾದ ಅಯಸ್ಕಾಂತವನ್ನು ಹಲಗೆಯ ಮೇಲೆ ನಿಧಾನವಾಗಿ ಎಳೆಯಿರಿ, ಎಲ್ಲಿ ಹಿಡಿಯುತ್ತದೋ ಅಲ್ಲಿ ಗುರುತು ಹಾಕಿ. ಹೊಸದಾಗಿ ಕೊಯ್ಸಿದ ಮರವಾದರೆ ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬ ಹಳೆ ಲೆಕ್ಕ ಇಟ್ಟುಕೊಳ್ಳಿ. ಎರಡೂ ತುದಿಗೆ ಪೇಂಟ್ ಬಳಿದು, ಹಲಗೆಗಳ ನಡುವೆ ರೀಪಿನ ತುಂಡು ಕೊಟ್ಟು, ಅಟ್ಟದಲ್ಲಿ ಮಟ್ಟಸವಾಗಿ ಪೇರಿಸಿಡಿ. ತುದಿಗೆ ಬಣ್ಣ ಯಾಕೆಂದರೆ ನೀರು ತುದಿಯಿಂದ ಬಲು ಬೇಗ ಹೊರಟುಹೋಗುತ್ತದೆ, ತುದಿ ಮೊದಲು ಕುಗ್ಗಿ ಸೀಳುತ್ತದೆ. ಪಿನ್ ಚುಚ್ಚಿ ನೋಡುವ ತೇವಮಾಪಕ ದುಬಾರಿಯದಲ್ಲ. ಹಲಗೆಯ ಮೇಲ್ಮೈ ಅಳೆದು ನಂಬಬೇಡಿ, ಒಂದು ತುಂಡು ಕೊಯ್ದು ಆ ಹೊಸ ಕೊಯ್ಲಿನ ನಡುವಿಗೆ ಚುಚ್ಚಿ. ಶೇ. 12ರ ಆಸುಪಾಸು ಬಂದರೆ ಇಲ್ಲಿಯ ಹವೆಗೆ ಸರಿ. ಶೇ. 8ಕ್ಕೆ ಒಣಗಿಸಿ ತಂದರೂ ಕರಾವಳಿಯಲ್ಲಿ ಅದು ಮತ್ತೆ ಕುಡಿದು ಉಬ್ಬುತ್ತದೆ.

ಮರದ ಆಯ್ಕೆಯಲ್ಲಿ ನನ್ನ ಮತ ಸ್ಪಷ್ಟ: ಮೈಗೆ ಹಲಸು, ಕತ್ತಿಗೆ ಸಾಗುವಾನಿ, ಬೆರಳು ಆಡುವ ಹಲಗೆಗೆ ಬೀಟೆ. ಮದ್ದಳೆಯ ಕಳಸಿಗೆ, ಅಂದರೆ ಅದರ ಮರದ ಒಡಲು, ಹಲಸಿನದೇ, ತಂಜಾವೂರಿನ ವೀಣೆಯೂ ಹಲಸಿನದೇ. ವಾದ್ಯಕ್ಕೆ ಒಗ್ಗಿದ ಮರ ಎನ್ನಲು ಇಷ್ಟು ಸಾಕು. ಹಾಗೆಂದು ಆ ವಾದ್ಯಗಳ ನಾದ ಇದರಲ್ಲಿ ಬರುತ್ತದೆ ಎಂದುಕೊಳ್ಳಬೇಡಿ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ ಕೇಳಿಸಿಕೊಳ್ಳುವುದು ಅಯಸ್ಕಾಂತದ ಎದುರು ನಡುಗುವ ಉಕ್ಕಿನ ತಂತಿಯನ್ನು. ಪಿಕಪ್ ಯಾವುದು, ಎಲ್ಲಿ ಕೂತಿದೆ, ಕತ್ತು ಎಷ್ಟು ಬಿಗಿ, ಫ್ರೆಟ್ ಎಷ್ಟು ಮಟ್ಟಸ, ಇವುಗಳ ಮುಂದೆ ಮೈಯ ಮರದ ಜಾತಿ ಹಿಂದೆ ಸರಿಯುತ್ತದೆ. ಮೈಯ ಮರ ಹಗುರವಾಗಿರಬೇಕು, ಸ್ಕ್ರೂ ಕಚ್ಚಿ ಹಿಡಿಯಬೇಕು, ಅಲುಗಬಾರದು. ಹಲಸು ಈ ಮೂರನ್ನೂ ಮಾಡುತ್ತದೆ. ತಿರುಳು, ಅಂದರೆ ಚೇಗು, ಮಾತ್ರ ತೆಗೆದುಕೊಳ್ಳಿ. ಹೊರಗಿನ ಬಿಳಿ ಭಾಗಕ್ಕೆ ಕುಟ್ಟೆ ಹುಳ ಹಿಡಿಯುತ್ತದೆ. ಹಲಸಿನ ನಾರು ಒಂದು ಪದರಕ್ಕೆ ಆಚೆ, ಇನ್ನೊಂದು ಪದರಕ್ಕೆ ಈಚೆ ವಾಲಿರುತ್ತದೆ, ಹಾಗಾಗಿ ಯಾವ ಕಡೆಯಿಂದ ಕೀಸಿದರೂ ಎಲ್ಲೋ ಒಂದು ಕಡೆ ಎದ್ದು ಬರುತ್ತದೆ. ಕೀಸುಳಿಯ ಅಲಗು ತುಂಬ ಹರಿತವಾಗಿರಲಿ, ಸಿಪ್ಪೆ ಈರುಳ್ಳಿಯ ಪೊರೆಯಷ್ಟು ತೆಳ್ಳಗೆ ಬರಲಿ. ಕೊನೆಯ ಅರ್ಧ ಮಿಲಿಮೀಟರನ್ನು ಸ್ಯಾಂಡ್ ಪೇಪರಿಗೇ ಬಿಡಿ.

ತೂಕದ ಲೆಕ್ಕ ಮರ ಕೊಳ್ಳುವಾಗಲೇ ಆಗಬೇಕು. ಮೈಗೆ ಬೇಕಾದ ಹಲಗೆ 500 × 340 × 45 ಮಿ.ಮೀ. ಅಂದರೆ 7.65 ಲೀಟರ್, ಮಿಲ್ಲಿನ ಭಾಷೆಯಲ್ಲಿ 0.27 ಕ್ಯೂಬಿಕ್ ಅಡಿ. ಕತ್ತು, ವ್ಯರ್ಥ ಎಲ್ಲ ಸೇರಿ ಅರ್ಧ ಕ್ಯೂಬಿಕ್ ಅಡಿ ಮರ ಧಾರಾಳ. ಅಷ್ಟು ಅಗಲದ ಹಲಗೆ ಒಂದೇ ತುಂಡಿನಲ್ಲಿ ಹುಡುಕುವುದು ಬೇಡ, 170 ಮಿ.ಮೀ. ಅಗಲದ ಎರಡನ್ನು ಅಂಟಿಸಿದರೆ ತಿರುಚುವುದೂ ಕಡಿಮೆ. ಅಂಗಡಿಯ ತಕ್ಕಡಿಯಲ್ಲಿ ಒಂದು ತುಂಡು ತೂಗಿ. 3.8 ಲೀಟರಿನ ತುಂಡು 2.3 ಕಿಲೋ ತೂಗಿದರೆ ಲೀಟರಿಗೆ 600 ಗ್ರಾಂ ಆಯಿತು. ಆಕಾರ ಕೊಯ್ದು, ಗುಂಡಿಗಳನ್ನೆಲ್ಲ ತೋಡಿ ಆದಮೇಲೆ ಮೈಯಲ್ಲಿ ಸುಮಾರು 4 ಲೀಟರ್ ಮರ ಉಳಿಯುತ್ತದೆ, ಅಂದರೆ 2.4 ಕಿಲೋ. ಅದಕ್ಕಿಂತ ಭಾರವಾದರೆ ಹೆಗಲು ಹೇಳುತ್ತದೆ. ಲೀಟರಿಗೆ 650 ಗ್ರಾಂ ದಾಟುವ ಸಾಗುವಾನಿಯಿಂದ ಮೈ ಮಾಡಬೇಡಿ ಎನ್ನುವುದು ಇದೇ ಕಾರಣಕ್ಕೆ. ಮುಚ್ಚಿಗೆಯ ಒಂದಿಂಚು ಹಲಗೆಯೇ ಸಿಕ್ಕಿದ್ದಾದರೆ ಎರಡು ಪದರ ಅಂಟಿಸಿ 45 ಮಿ.ಮೀ.ಗೆ ಇಳಿಸಿಕೊಳ್ಳಬಹುದು. ಕೆಳಪದರದಲ್ಲಿ ಅಂಟಿಸುವ ಮೊದಲೇ ಟೊಳ್ಳು ತೋಡಿಕೊಂಡರೆ ಮುನ್ನೂರು ನಾನ್ನೂರು ಗ್ರಾಂ ಇಳಿಯುತ್ತದೆ.

ಬೀಟೆಯ ವಿಷಯದಲ್ಲಿ ಕಾನೂನು ಮರೆಯಬಾರದು. ಕೇರಳದಲ್ಲಿ ಬೀಟೆ, ಸಾಗುವಾನಿ, ಗಂಧ, ಕರಿಮರ ಇವು ನಿರ್ಬಂಧ ಇರುವ ಮರಗಳು, ಬಿಲ್ಲು ಇಲ್ಲದ ತುಂಡು ಮುಟ್ಟಬೇಡಿ. 2017ರಿಂದ ಬೀಟೆಯ ಇಡೀ ಕುಲ ಸೈಟಿಸ್ (ಅಳಿವಿನಂಚಿನ ಗಿಡ-ಪ್ರಾಣಿಗಳ ಅಂತಾರಾಷ್ಟ್ರೀಯ ವ್ಯಾಪಾರದ) ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 2019ರಲ್ಲಿ ಕಟ್ಟಿ ಮುಗಿದ ವಾದ್ಯಗಳಿಗೆ ವಿನಾಯಿತಿ ಬಂತು, ಬರೀ ಹಲಗೆಗೆ ಅಲ್ಲ. ಬೇಕಾದದ್ದು 520 × 65 × 7 ಮಿ.ಮೀ.ಯ ಚಿಕ್ಕ ಪಟ್ಟಿ ಅಷ್ಟೇ. ಹಳೆ ಪೀಠೋಪಕರಣದ ಮುರಿದ ಕಾಲು, ಹುಣಸೆಯ ಕಪ್ಪು ತಿರುಳು, ಹಳೆ ಮನೆಯ ಕಿರಾಲುಬೋಗಿ ಎಂಬ ಗಟ್ಟಿ ಮರದ ತುಂಡು, ಗಟ್ಟಿಯಾಗಿ ನೆಟ್ಟಗಿದ್ದರೆ ಇವೂ ನಡೆಯುತ್ತವೆ.

ಇನ್ನು ಕತ್ತು. ಇಡೀ ಗಿಟಾರಿನಲ್ಲಿ ತಾಳ್ಮೆಯ ಮುಕ್ಕಾಲು ಪಾಲು ಇಲ್ಲಿಗೇ ಮೀಸಲಿಡಬೇಕು. 10-46 ಸೆಟ್ಟಿನ (ತೀರ ಸಣ್ಣ ತಂತಿ 0.010 ಇಂಚು, ತೀರ ದಪ್ಪದ್ದು 0.046 ಇಂಚು) ಆರು ತಂತಿಗಳನ್ನು, ತಂತಿ ನಡುಗುವ ಭಾಗ 648 ಮಿ.ಮೀ. ಇರುವ ಹಾಗೆ, ಸರಿಯಾದ ಶ್ರುತಿಗೆ ಬಿಗಿದಾಗ ಎಲ್ಲ ಸೇರಿ ಎಳೆಯುವುದು ಸುಮಾರು 47 ಕಿಲೋ. ಒಂದು ಅಕ್ಕಿ ಮೂಟೆ ಹಗಲು ರಾತ್ರಿ ನೇತಾಡುತ್ತಿದ್ದ ಹಾಗೆ. ಅದನ್ನು ತಡೆಯುವುದು ಎರಡು ಸೆಂಟಿಮೀಟರ್ ದಪ್ಪದ ಮರ. ಸಾಗುವಾನಿ ಬಿಗಿತದಲ್ಲಿ ಮೇಪಲ್‌ಗೆ ತೀರ ಹತ್ತಿರ, ಹಿಗ್ಗುಕುಗ್ಗು ಮಾತ್ರ ಅದಕ್ಕಿಂತ ಬಹಳ ಕಡಿಮೆ. ಹಲಗೆಯ ತುದಿ ನೋಡಿದಾಗ ವರ್ಷದ ಉಂಗುರಗಳ ಗೆರೆ ನೆಟ್ಟಗೆ ನಿಂತಿರಬೇಕು, ಮಲಗಿರಬಾರದು. ಬದಿಯಿಂದ ನೋಡಿದಾಗ ನಾರು ಈ ತುದಿಯಿಂದ ಆ ತುದಿಗೆ ಓಡಿರಬೇಕು. ನಡುವೆ ಎಲ್ಲಾದರೂ ಹೊರಗೆ ಹಾಯ್ದರೆ ಮುಂದೊಂದು ದಿನ ಅಲ್ಲೇ ಬಿರುಕು. ಗಂಟು ಇರುವ ತುಂಡು ಎಷ್ಟೇ ಚೆಂದ ಇರಲಿ, ಕತ್ತಿಗೆ ಬೇಡ.

ಕತ್ತಿನ ಮರ 700 × 100 × 20 ಮಿ.ಮೀ. ಮೇಲ್ಮೈಯನ್ನು ಕನ್ನಡಿಯಷ್ಟು ಮಟ್ಟಸ ಮಾಡಿ, ನಡುಗೆರೆ ಎಳೆದು, ಟ್ರಸ್ ರಾಡ್‌ಗೆ (ಕತ್ತಿನ ಬಾಗು ತಿದ್ದುವ ಲೋಹದ ಸರಳು) 6 ಮಿ.ಮೀ. ಅಗಲದ ಕಾಲುವೆ ತೆಗೆಯಿರಿ. ಆಳ ರಾಡನ್ನು ಅಳೆದೇ ನಿರ್ಧರಿಸಿ, ಸಾಮಾನ್ಯವಾಗಿ 9ರಿಂದ 9.5. ಎರಡೂ ಕಡೆಗೆ ಕೆಲಸ ಮಾಡುವ ರಾಡನ್ನೇ ಕೊಳ್ಳಿ. ಇಲ್ಲಿಯ ಹವೆಗೆ ಕತ್ತು ಮುಂದಕ್ಕೂ ಬಗ್ಗೀತು, ಹಿಂದಕ್ಕೂ ಬಗ್ಗೀತು. ರಾಡ್ ಕಾಲುವೆಯಲ್ಲಿ ಕೈಯಿಂದ ಒತ್ತಿದರೆ ಕೂರಬೇಕು, ಅಲ್ಲಾಡಬಾರದು. ಸಡಿಲವಾದರೆ ಕೆಲವು ಸ್ವರಗಳಿಗೆ ಕತ್ತಿನ ಒಳಗೇ ಜಿರ್ ಎನ್ನುತ್ತದೆ, ಆಮೇಲೆ ಅದನ್ನು ಹುಡುಕುವುದು ಬಲು ಕಷ್ಟ. ಒಂದೆರಡು ಕಡೆ ಸಿಲಿಕಾನ್‌ನ ಚಿಕ್ಕ ಬೊಟ್ಟು ಇಟ್ಟು ಕೂರಿಸಿ.

ಸಾಗುವಾನಿಯಲ್ಲಿ ಎಣ್ಣೆ ಇದೆ, ಬೀಟೆಯಲ್ಲೂ ಇದೆ, ಅಂಟಿಗೆ ಅದೇ ಶತ್ರು. ಬೀಟೆಯ ಹಲಗೆಯನ್ನು ಕತ್ತಿಗೆ ಅಂಟಿಸುವ ಮೊದಲು ಎರಡೂ ಮುಖವನ್ನು ಹೊಸದಾಗಿ ಕೀಸಿ, ಅಸಿಟೋನ್ ಅದ್ದಿದ ಬಿಳಿ ಬಟ್ಟೆಯಿಂದ ಬಟ್ಟೆಗೆ ಬಣ್ಣ ಹತ್ತುವುದು ನಿಲ್ಲುವವರೆಗೆ ಒರೆಸಿ, ಹತ್ತು ಹದಿನೈದು ನಿಮಿಷದೊಳಗೆ ಅಂಟು ಹಚ್ಚಿ. ತಡ ಮಾಡಿದರೆ ಎಣ್ಣೆ ಮತ್ತೆ ಮೇಲೆ ಬರುತ್ತದೆ. ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಇಲ್ಲಿಗೆ ಸರಿ. ಕಪಾಟಿನ ಕೆಲಸದ ಸಾಮಾನ್ಯ ಬಿಳಿ ಅಂಟು ಒಣಗಿದ ಮೇಲೂ ತುಸು ಮೆದುವಾಗಿರುತ್ತದೆ, ಮೂಟೆಯ ಎಳೆತಕ್ಕೆ, ಕಾರಿನೊಳಗಿನ ಬಿಸಿಗೆ ಮೆಲ್ಲಗೆ ಜಾರುತ್ತದೆ. ಅಂಟಿಸುವಾಗ ಹಲಗೆ ಜಾರದ ಹಾಗೆ ಫ್ರೆಟ್ ಗಾಡಿಯೊಳಗೆ (ಫ್ರೆಟ್ ಕೂರಲು ಕೊಯ್ಯುವ ಸಣ್ಣ ಸೀಳು, ಅದರ ಲೆಕ್ಕ ಮುಂದಿದೆ) ಎರಡು ಸಣ್ಣ ಪಿನ್ ಬಡಿದುಕೊಳ್ಳಿ. ಮೇಲೆ ದಪ್ಪ ರೀಪು ಇಟ್ಟು ಕನಿಷ್ಠ ಎಂಟು ಕ್ಲಾಂಪ್ ಹಾಕಿ. ರಾಡಿನ ನಟ್ಟಿನ ಹತ್ತಿರ ಅಂಟು ಇಳಿಯದಿರಲಿ.

ಫ್ರೆಟ್‌ಗಳ ಲೆಕ್ಕ ಸುಲಭ. ಉಳಿದ ಉದ್ದವನ್ನು 17.817ರಿಂದ ಭಾಗಿಸುತ್ತ ಹೋಗಬೇಕು. 648ಕ್ಕೆ ಮೊದಲ ಫ್ರೆಟ್ ನಟ್‌ನಿಂದ (ಕತ್ತಿನ ತಲೆಯ ಕಡೆ ತಂತಿಗಳು ಕೂರುವ ಎಲುಬಿನ ಪಟ್ಟಿ) 36.37ರಲ್ಲಿ, ಎರಡನೆಯದು 70.70, ಐದನೆಯದು 162.55, ಏಳನೆಯದು 215.51, ಹನ್ನೆರಡನೆಯದು ಸರಿಯಾಗಿ ಅರ್ಧದಲ್ಲಿ 324, ಇಪ್ಪತ್ತೆರಡನೆಯದು 466.16 ಮಿ.ಮೀ. ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ. ಒಂದು ಫ್ರೆಟ್‌ನಿಂದ ಮುಂದಿನದಕ್ಕೆ ಅಳೆಯುತ್ತ ಹೋದರೆ ಪ್ರತಿ ಸಲ ತಪ್ಪುವ ಕೂದಲೆಳೆ ಸೇರಿ ಸೇರಿ ಕೊನೆಗೆ ಎರಡು ಮಿಲಿಮೀಟರ್ ಆಗುತ್ತದೆ. ಗಾಡಿ ಕೊಯ್ಯಲು 0.6 ಮಿ.ಮೀ. ಕೊಯ್ಲಿನ ಗರಗಸವೇ ಬೇಕು. ಕಬ್ಬಿಣ ಕೊಯ್ಯುವ ಹ್ಯಾಕ್ಸಾ ಬ್ಲೇಡಿನ ಕೊಯ್ಲು ಅಗಲ ಜಾಸ್ತಿ, ಫ್ರೆಟ್ ನಿಲ್ಲುವುದಿಲ್ಲ. ತೀರ ಬಿಗಿಯಾದರೂ ತೊಂದರೆ: ಇಪ್ಪತ್ತೆರಡು ಫ್ರೆಟ್ ಅಂದರೆ ಇಪ್ಪತ್ತೆರಡು ಸಣ್ಣ ಬೆಣೆ, ಎಲ್ಲ ಸೇರಿ ಕತ್ತನ್ನು ಹಿಂದಕ್ಕೆ ಬಗ್ಗಿಸಿಬಿಡುತ್ತವೆ. ಮೊದಲು ವ್ಯರ್ಥ ತುಂಡಿನಲ್ಲಿ ಒಂದು ಗಾಡಿ ಕೊಯ್ದು ಫ್ರೆಟ್ ಬಡಿದು ನೋಡಿ.

ಬಡಿಯುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಹಲಗೆಯ ಮೇಲ್ಮೈಗೆ 12 ಇಂಚು ತ್ರಿಜ್ಯದ ಬಾಗು ಕೊಟ್ಟಿದ್ದರೆ ತಂತಿಯನ್ನು ಅದಕ್ಕಿಂತ ಸ್ವಲ್ಪ ಹೆಚ್ಚು ಬಾಗಿಸಿಕೊಳ್ಳಿ. ಗಾಡಿಯ ಅಂಚನ್ನು ತ್ರಿಕೋನದ ಅರದಿಂದ ಒಂದೇ ಒಂದು ಸಲ ಸವರಿ, ಇಲ್ಲವಾದರೆ ಮುಂದೆ ಫ್ರೆಟ್ ಕೀಳುವಾಗ ಮರ ಚಕ್ಕೆ ಏಳುತ್ತದೆ. ಮೊದಲು ಎರಡು ತುದಿ, ಆಮೇಲೆ ನಡು. ಕತ್ತಿನ ಅಡಿಗೆ ಮರಳು ತುಂಬಿದ ಚೀಲ ಇರಲಿ, ಸುತ್ತಿಗೆ ಹಿತ್ತಾಳೆಯದೋ ನೈಲಾನಿನದೋ ಇರಲಿ. ಕಿವಿ ಕೊಟ್ಟರೆ ಕೆಲಸ ತಿಳಿಯುತ್ತದೆ: ಫ್ರೆಟ್ ಪೂರ್ತಿ ಕೂರುವ ತನಕ ಪೆಟ್ಟಿಗೆ ಟೊಳ್ಳು ಸದ್ದು, ಕೂತ ಕ್ಷಣ ಸದ್ದು ಕುಗ್ಗಿ ಗಟ್ಟಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಅದರ ಮೇಲೊಂದು ಪೆಟ್ಟು ಬಿದ್ದರೆ ಆ ಜಾಗ ತಗ್ಗಿ ಇನ್ನೊಂದು ತುದಿ ಏಳುತ್ತದೆ.

ಮೈಯ ಕೆಲಸ ಇದರ ಮುಂದೆ ಹಗುರ. 12 ಮಿ.ಮೀ. ಎಂ.ಡಿ.ಎಫ್.ನಲ್ಲಿ ಅಚ್ಚು ಮಾಡಿ, ಹಲಗೆಯನ್ನು ಗೆರೆಯಿಂದ 2 ಮಿ.ಮೀ. ಹೊರಗೆ ಕೊಯ್ಸಿ, ಬೇರಿಂಗ್ ಇರುವ ಬಿಟ್ ಹಾಕಿ ರೂಟರ್ ಓಡಿಸಿ. ಒಂದು ಸಲಕ್ಕೆ 3-4 ಮಿ.ಮೀ.ಗಿಂತ ಆಳ ಇಳಿಸಬೇಡಿ. ಕೊಂಬಿನ ತಿರುವಿನಲ್ಲಿ ನಾರಿನ ತುದಿ ಎದುರಾಗುತ್ತದೆ, ಹಲಸು ಅಲ್ಲೇ ಸಿಡಿಯುವುದು. ಕರೆಂಟಿನ ಭಾಗಗಳು ಕೂರುವ ಗುಂಡಿ ಮತ್ತು ಪಿಕಪ್ ಗುಂಡಿಯ ಹೆಚ್ಚಿನ ಮರವನ್ನು ಡ್ರಿಲ್‌ನಿಂದಲೇ ತೆಗೆಯಬಹುದು. ಕಪಾಟಿನ ಹಿಂಜಿಗೆ ತೂತು ಹೊಡೆಯುವ 35 ಮಿ.ಮೀ. ಬಿಟ್ ಇಲ್ಲಿಯ ಎಲ್ಲ ಆಚಾರಿಗಳ ಹತ್ತಿರ ಇದೆ, ಅದು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಕರೆಂಟಿನ ಗುಂಡಿಯ ಮೇಲೆ ಉಳಿಯುವ ಮರ 6 ಮಿ.ಮೀ. ಮೀರಬಾರದು, ಮೀರಿದರೆ ಪಾಟ್‌ನ (ಸದ್ದು ಹೆಚ್ಚುಕಡಿಮೆ ಮಾಡಲು ತಿರುಗಿಸುವ ಬಿಡಿಭಾಗ) ಕುತ್ತಿಗೆ ಮೇಲೆ ಬಾರದೆ ನಟ್ಟು ಹಿಡಿಯುವುದಿಲ್ಲ. ಬೀಟೆ ಮತ್ತು ಸಾಗುವಾನಿಯ ಹುಡಿ ಚರ್ಮಕ್ಕೂ ಶ್ವಾಸಕ್ಕೂ ಆಗಿಬರುವುದಿಲ್ಲ, ಮುಖಕ್ಕೆ ಒಳ್ಳೆಯ ಮಾಸ್ಕ್ ಇರಲೇಬೇಕು.

ಕತ್ತು ಕೂರುವ ಗುಂಡಿಯ ಆಳ 16 ಮಿ.ಮೀ. ಕತ್ತಿನ ಬುಡ 26 ಅಂತಿಟ್ಟುಕೊಂಡರೆ ಹಲಗೆಯ ಮೇಲ್ಮೈ ಮೈಯಿಂದ 10 ಮಿ.ಮೀ. ಎತ್ತರಕ್ಕೆ ಬರುತ್ತದೆ, ಮೈಯ ಮೇಲೆ ತಂತಿಗಳನ್ನು ಹೊರುವ ಚಪ್ಪಟೆ ಬ್ರಿಡ್ಜಿಗೆ ಇದು ಸರಿಹೊಂದುತ್ತದೆ. ಎರಡು ಕಂಬದ ಎತ್ತರದ ಬ್ರಿಡ್ಜ್ ಆರಿಸಿದರೆ ಕತ್ತನ್ನು ಎರಡು ಮೂರು ಡಿಗ್ರಿ ಹಿಂದಕ್ಕೆ ವಾಲಿಸಬೇಕಾಗುತ್ತದೆ. ಮೊದಲ ಗಿಟಾರಿಗೆ ಆ ಉಸಾಬರಿ ಬೇಡ. ಗುಂಡಿ ಬಿಗಿಯಾಗಿರಲಿ: ಸ್ಕ್ರೂ ಇಲ್ಲದೆ ಕತ್ತು ಹಿಡಿದು ಎತ್ತಿದರೆ ಮೈ ಜೊತೆಗೇ ಬರಬೇಕು. ನಾಲ್ಕು ಸ್ಕ್ರೂ, ಎಂಟನೆಯ ನಂಬರ್, 45 ಮಿ.ಮೀ. ಉದ್ದ. ಮೈಯಲ್ಲಿ ತೂತು ಸಡಿಲವಾಗಿ 5 ಮಿ.ಮೀ., ಕತ್ತಿನಲ್ಲಿ 3 ಮಿ.ಮೀ. ಎರಡರಲ್ಲೂ ಒಂದೇ ಅಳತೆಯ ತೂತು ಹೊಡೆದರೆ ಸ್ಕ್ರೂ ಮೈಯಲ್ಲೇ ಕಚ್ಚಿಕೊಂಡು ಕತ್ತನ್ನು ಎಳೆದು ಕೂರಿಸುವುದಿಲ್ಲ. ಸ್ಕ್ರೂವಿಗೆ ಮೇಣದ ಬತ್ತಿ ಉಜ್ಜಿ.

ಬ್ರಿಡ್ಜಿನ ಜಾಗ ಮಾತ್ರ ಕತ್ತು ಕೂತ ಮೇಲೆಯೇ ಗುರುತಿಸಿ, ನಕ್ಷೆ ನೋಡಿ ಅಲ್ಲ. ಸಣ್ಣ ತಂತಿಯ ಸ್ಯಾಡಲನ್ನು (ಬ್ರಿಡ್ಜಿನಲ್ಲಿ ಆ ತಂತಿ ಕೂರುವ ತುಂಡು) ಮುಂದಕ್ಕೆ ತಂದು, ಇನ್ನು ಒಂದೆರಡು ಮಿ.ಮೀ. ಮಾತ್ರ ಮುಂದೆ ಹೋಗುವ ಹಾಗೆ ನಿಲ್ಲಿಸಿ, ಅದು ನಟ್‌ನಿಂದ 648ಕ್ಕೆ ಬರಲಿ. ದಪ್ಪ ತಂತಿಯದು 3ರಿಂದ 5 ಮಿ.ಮೀ. ಹಿಂದೆ ಬೇಕಾಗುತ್ತದೆ, ಹಿಂದೆ ಅಷ್ಟು ಎಡೆ ಇದೆಯೋ ನೋಡಿ. ಎರಡು ಹೊರ ತಂತಿಗಳ ಜಾಗದಲ್ಲಿ ದಾರ ಕಟ್ಟಿ, ಹಲಗೆಯ ಎರಡೂ ಅಂಚಿಗೆ ಸಮ ದೂರ ಬರುತ್ತದೆಯೇ ಎಂದು ಖಚಿತ ಮಾಡಿದ ಮೇಲೆ ಡ್ರಿಲ್ ಮುಟ್ಟಿ.

ಪಿಕಪ್ ವಿಷಯಕ್ಕೆ ಬಂದರೆ, ನಮ್ಮ ಕಡೆ ಮನೆಯ ವೈರಿಂಗ್, ಇನ್ವರ್ಟರ್, ಟ್ಯೂಬ್‌ಲೈಟ್ ಇವುಗಳ ನಡುವೆ ನುಡಿಸುವವರಿಗೆ ಎರಡು ಸುರುಳಿಯ ಹಂಬಕರ್ ನೆಮ್ಮದಿ. 1950ರ ದಶಕದಲ್ಲಿ ಗಿಬ್ಸನ್ ಕಂಪೆನಿಯ ಸೆತ್ ಲವರ್ ಅದನ್ನು ರೂಪಿಸಿದ್ದೇ ಈ ಗುಂಯ್‌ಗುಡುವಿಕೆ ನಿಲ್ಲಿಸಲು. ಎರಡು ಸುರುಳಿಗಳು ಎದುರುಬದುರಾಗಿ ಸುತ್ತಿರುವುದರಿಂದ 50 ಹರ್ಟ್ಸ್‌ನ ಗೊಡವೆ ಒಂದನ್ನೊಂದು ಅಳಿಸಿಹಾಕುತ್ತದೆ. ಅಯಸ್ಕಾಂತದ ಧ್ರುವವೂ ತಿರುಗಿರುವುದರಿಂದ ತಂತಿಯ ಸದ್ದು ಮಾತ್ರ ಕೂಡಿಕೊಳ್ಳುತ್ತದೆ. ಹಂಬಕರ್‌ಗೆ 500 ಕಿಲೋಓಂ ಪಾಟ್, 0.022 ಮೈಕ್ರೋಫ್ಯಾರಡ್ ಕೆಪಾಸಿಟರ್. ಒಂದೇ ಸುರುಳಿಯದಕ್ಕೆ 250 ಕಿಲೋಓಂ, ಇಲ್ಲವಾದರೆ ಸದ್ದು ಚೂಪಾಗಿ ಕಿವಿಗೆ ಚುಚ್ಚುತ್ತದೆ. ಕತ್ತಿನ ಕಡೆಯ ಪಿಕಪ್ ಬೆರಳು ಆಡುವ ಹಲಗೆಯ ತುದಿಗೆ ಒತ್ತಿಕೊಂಡು ಇರಲಿ, ಬ್ರಿಡ್ಜಿನದರ ನಡು ಸ್ಯಾಡಲ್‌ನಿಂದ 40 ಮಿ.ಮೀ. ಮುಂದೆ.

ಗುಂಡಿಗಳ ಒಳಗೆಲ್ಲ ತಾಮ್ರದ ಟೇಪ್ ಅಂಟಿಸಿ, ತುಂಡು ತುಂಡಿನ ಸಂದಿಗೆ ಒಂದೊಂದು ಬೊಟ್ಟು ಬೆಸುಗೆ ಹಾಕಿ. ಪಾಟ್‌ನ ಬೆನ್ನಿಗೆ ಬೆಸೆಯುವಾಗ 25 ವ್ಯಾಟ್ ಐರನ್ ಸಾಲದು. ಬಿಸಿಯಾಗಲೆಂದು ಕಾಯುತ್ತ ಕೂತರೆ ಪಾಟ್‌ನ ಒಳಗಿನ ಇಂಗಾಲದ ಪಟ್ಟಿ ಹಾಳಾಗುತ್ತದೆ. 40ರದ್ದು ತೆಗೆದುಕೊಳ್ಳಿ, ಬೆನ್ನನ್ನು ಅರದಿಂದ ಕೆರೆದು ಬೇಗ ಮುಗಿಸಿ. ಬ್ರಿಡ್ಜಿನ ಅಡಿಯಿಂದ ಕರೆಂಟಿನ ಗುಂಡಿಗೆ ಒಂದು ಅರ್ಥ್ ವೈರ್ ಹೋಗಲೇಬೇಕು. ಮಲ್ಟಿಮೀಟರಿನ ಒಂದು ಮೊನೆ ತಂತಿಗೆ, ಇನ್ನೊಂದು ಜ್ಯಾಕ್‌ನ ಹೊರತೋಳಿಗೆ ಮುಟ್ಟಿಸಿದಾಗ ಬೀಪ್ ಬರಬೇಕು. ಇದರಿಂದ ತಂತಿಗಳು ಆಂಪ್ಲಿಫಯರಿನ ಅರ್ಥ್‌ಗೆ ಸೇರಿಕೊಂಡ ಹಾಗಾಯಿತು. ಆದ್ದರಿಂದ ಮನೆಯ ಮೂರು ಪಿನ್ನಿನ ಸಾಕೆಟ್‌ಗೆ ನಿಜವಾದ ಅರ್ಥ್ ಇದೆಯೇ, ಮೈನ್‌ನಲ್ಲಿ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿಯೇ ಕಡಿಯುವ ಸ್ವಿಚ್) ಇದೆಯೇ ಎಂದು ಎಲೆಕ್ಟ್ರೀಶಿಯನ್ ಹತ್ತಿರ ನೋಡಿಸಿ. ಒದ್ದೆ ನೆಲದಲ್ಲಿ ಬರಿಗಾಲಲ್ಲಿ ನಿಂತು ನುಡಿಸುವ ಊರು ನಮ್ಮದು, ಈ ಒಂದು ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು.

ಬಣ್ಣ, ಪಾಲಿಷ್ ಎಲ್ಲ ಪತ್ತನಾಜೆಯೊಳಗೆ, ಅಂದರೆ ಮೇ ಕೊನೆಯ ವಾರದೊಳಗೆ, ಮುಗಿಯಬೇಕು. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುವ ಹೊತ್ತಿಗೆ ನಿಮ್ಮ ಸ್ಪ್ರೇ ಗನ್ನೂ ಒಳಗೆ ಹೋಗಲಿ. ಎನ್.ಸಿ. (ನೈಟ್ರೊಸೆಲ್ಯುಲೋಸ್) ಲ್ಯಾಕರ್‌ನ ತಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗುತ್ತದೆ, ಒದ್ದೆ ಗಾಳಿಯ ನೀರು ಅಲ್ಲಿ ಇಳಿಯುತ್ತದೆ, ಪಾಲಿಷ್ ಒಳಗೆ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಹಗಲು ಹತ್ತರಿಂದ ಮೂರರ ಹೊತ್ತು ಇದಕ್ಕೆ ಪ್ರಶಸ್ತ. ಕತ್ತಿಗೆ ಒಣಗುವ ಎಣ್ಣೆ ಸಾಕು: ಬೇಯಿಸಿದ ಅಗಸೆ ಎಣ್ಣೆಯನ್ನು (ಬಾಯಿಲ್ಡ್ ಲಿನ್‌ಸೀಡ್ ಆಯಿಲ್) ತೆಳ್ಳಗೆ ಹಚ್ಚಿ, ಕಾಲು ಗಂಟೆ ಬಿಟ್ಟು ಪೂರ್ತಿ ಒರೆಸಿ, ದಿನ ಬಿಟ್ಟು ದಿನ ನಾಲ್ಕೈದು ಸಲ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಹರಡಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ. ಮನೆಯಲ್ಲಿ ಕೈಗೆ ಸಿಗುವ ತೆಂಗಿನೆಣ್ಣೆ ಮಾತ್ರ ಬೇಡವೇ ಬೇಡ, ಅದು ಒಣಗುವ ಎಣ್ಣೆಯಲ್ಲ, ಜಿಡ್ಡಾಗಿಯೇ ಉಳಿದು ಕಮಟುತ್ತದೆ. ಹೊಸದಾಗಿ ಕೀಸಿದ ಹಲಸು ಅರಸಿನದ ಬಣ್ಣಕ್ಕಿರುತ್ತದೆ, ಬೆಳಕು ಬಿದ್ದ ಹಾಗೆ ಜೇನಿನ ಬಣ್ಣಕ್ಕೆ, ಆಮೇಲೆ ಕಂದಿಗೆ ತಿರುಗುತ್ತದೆ. ಬಣ್ಣ ಕಲಸಿ ಆ ಚೆಂದ ಮುಚ್ಚದೆ ಬಿಟ್ಟರೆ ಒಳ್ಳೆಯದು.

ತಂತಿ ಕಟ್ಟುವ ಮೊದಲು ರಾಡಿನಿಂದ ಕತ್ತನ್ನು ನೇರ ಮಾಡಿ, ಫ್ರೆಟ್‌ಗಳ ನೆತ್ತಿಗೆ ಮಾರ್ಕರ್ ಬಳಿದು, ಮಟ್ಟಸ ಪಟ್ಟಿಗೆ 320ರ ಕಾಗದ ಅಂಟಿಸಿ ಉಜ್ಜಿ. ಎಲ್ಲ ಫ್ರೆಟ್‌ನ ಮಸಿ ತುಸುವಾದರೂ ಅಳಿದ ಕೂಡಲೇ ನಿಲ್ಲಿಸಿ, ನೆತ್ತಿಯನ್ನು ಮತ್ತೆ ದುಂಡಗೆ ಮಾಡಿ, 2000ದವರೆಗೆ ಹೊಳಪು ಕೊಡಿ. ಎಲುಬಿನ ನಟ್‌ನಲ್ಲಿ ಗಾಡಿಯ ಆಳ ನೋಡಲು ಮೂರನೆಯ ಫ್ರೆಟ್ ಹತ್ತಿರ ತಂತಿ ಒತ್ತಿ. ಮೊದಲ ಫ್ರೆಟ್ ಮೇಲೆ ಕೂದಲೆಳೆಯ ಎಡೆ ಕಂಡರೆ ಸರಿ. ತಂತಿ ಶ್ರುತಿಗೆ ಬಂದ ಮೇಲೆ ಏಳನೆಯ ಫ್ರೆಟ್ ಬಳಿ ಕತ್ತಿನ ಬಾಗು 0.2 ಮಿ.ಮೀ., ಹನ್ನೆರಡನೆಯದರ ಮೇಲೆ ತಂತಿಯ ಎತ್ತರ ದಪ್ಪದ್ದು 2, ಸಣ್ಣದ್ದು 1.6.

ಮಳೆ ಹಿಡಿದು ಮೂರು ವಾರ ಕಳೆದ ಮೇಲೆ ಇದೇ ಅಳತೆಯನ್ನು ಮತ್ತೊಮ್ಮೆ ತೆಗೆಯಿರಿ. ಬಾಗು ಹೆಚ್ಚಿದ್ದರೆ ರಾಡನ್ನು ಬಲಕ್ಕೆ, ಕಡಿಮೆಯಾಗಿದ್ದರೆ ಎಡಕ್ಕೆ, ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ತಿರುಗಿಸಿ, ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಶ್ರುತಿ ಮಾಡಿ ಮತ್ತೆ ಅಳೆಯಿರಿ.